ಏಳು ಸೆಕೆಂಡಿನ ವರದರಾಜ

ಮೂರು ಗಂಟೆ ಮಾತಾಡಿದ್ದ ವರದರಾಜನನ್ನು ಸಿನಿಮಾದವರು ಏಳು ಸೆಕೆಂಡಿಗೆ ಕತ್ತರಿಸಿದ್ದರು. ಪರದೆಯ ಮೇಲೆ ಬಂದ, "ಶರಣ್ ಒಳ್ಳೇ ಹುಡುಗ, ಊಟ ಆಯ್ತಾ ಅಂತ ಕೇಳೋನು" ಅಂದ, ಹೋದ. ಅಷ್ಟೇ.

ಭಾನುವಾರ ಬೆಳಿಗ್ಗೆ ಮಲ್ಲೇಶ್ವರದ ಸಭಾಂಗಣ ತುಂಬಿತ್ತು. ಚಾಮರಾಜಪೇಟೆಯ ಗಣೇಶನ ಪೆಂಡಾಲಿನಲ್ಲಿ ಶುರುವಾದ ರಾಕ್ ಬ್ಯಾಂಡೊಂದು ದೇಶವೆಲ್ಲ ಸುತ್ತುವಷ್ಟು ಬೆಳೆದದ್ದು, ಅದರ ಹಾಡುಗಾರ ಶರಣ್ ಹನ್ನೆರಡು ವರ್ಷದ ಹಿಂದೆ ಅದೇ ಪೆಂಡಾಲಿಗೆ ಹಾಡಲು ಬಂದು ಮೈಕ್ ಹಿಡಿದೇ ಸತ್ತದ್ದು ಸಾಕ್ಷ್ಯಚಿತ್ರದ ಕಥೆ. ಆ ಪೆಂಡಾಲಿಗೆ ದೀಪ, ಮೈಕು ಹಾಕುತ್ತಿದ್ದವನು ವರದರಾಜ. ಹುಡುಗರ ಮೊದಲ ಆಂಪ್ಲಿಫೈಯರನ್ನು ತನ್ನ ಅಂಗಡಿಯಲ್ಲಿ ಬಿಚ್ಚಿ ರಿಪೇರಿ ಮಾಡಿಕೊಟ್ಟವನೂ ಅವನೇ. ಕರೆಂಟಿನ ವಿಷಯದಲ್ಲಿ ಮಾತ್ರ ದೇವರನ್ನೂ ನಂಬದ ಆಸಾಮಿ.

ಪರದೆಯ ಮೇಲೆ ಗಣೇಶೋತ್ಸವ ಸಮಿತಿಯ ಅಧ್ಯಕ್ಷ ಬದರೀನಾರಾಯಣ ಕಣ್ಣೊರೆಸಿಕೊಂಡ. "ಸಂಗೀತವೇ ಅವನನ್ನ ಕರ್ಕೊಂಡ್ಬಿಡ್ತು." ಹಿಂದೆ ಪಿಟೀಲು ಅಳತೊಡಗಿತು.

ವರದರಾಜನ ಮೈಯೆಲ್ಲ ಉರಿದುಹೋಯಿತು. ಸಂಗೀತವಂತೆ ಸಂಗೀತ! ಅವತ್ತು ಮಳೆ ಬಿದ್ದು ವೇದಿಕೆ ಒದ್ದೆಯಾಗಿತ್ತು. ಸೋರುವ ಕರೆಂಟು ನೆಲಕ್ಕಿಳಿಯಲೆಂದು ವರದರಾಜ ಹೂತಿದ್ದ ಅರ್ಥಿಂಗ್ ರಾಡನ್ನು, ಮುಖ್ಯ ಅತಿಥಿಯ ಫ್ಲೆಕ್ಸ್ ನಿಲ್ಲಿಸಲು ಜಾಗ ಬೇಕೆಂದು ಈ ಅಧ್ಯಕ್ಷನೇ ಕೀಳಿಸಿದ್ದ. "ಶುರು ಮಾಡ್ಬೇಡಿ ಸಾರ್, ಶಾಕ್ ಹೊಡೆಯುತ್ತೆ" ಎಂದರೆ, "ಅತಿಥಿಗಳು ಕಾಯ್ತಿದಾರೆ, ಸುಮ್ನಿರಯ್ಯ" ಎಂದು ಗದರಿ ತನ್ನವರಿಂದಲೇ ಮೇನ್ ಸ್ವಿಚ್ ಹಾಕಿಸಿದ್ದ. ಎರಡನೇ ಹಾಡಿಗೆ ಹುಡುಗ ಬಿದ್ದ. ವರದರಾಜ ಮೂರು ಗಂಟೆ ಹೇಳಿದ್ದು ಇದನ್ನೇ.

ಚಪ್ಪಾಳೆ ನಿಲ್ಲುವ ಮೊದಲೇ ಅವನು ಎದ್ದ. "ಮೇಡಂ, ನಾನು ಹೇಳಿದ್ದೆಲ್ಲ ಎಲ್ಲೋಯ್ತು?"

ನಿರ್ದೇಶಕಿ ಆರಾಧನಾ ವೇದಿಕೆಯಿಂದಲೇ ನಯವಾಗಿ ಹೇಳಿದಳು: "ಇದು ಶ್ರದ್ಧಾಂಜಲಿ ಸಾರ್. ಅದೆಲ್ಲ ಇದಕ್ಕೆ ಹೊಂದ್ತಿರ್ಲಿಲ್ಲ."

"ಹೊಂದ್ತಿರ್ಲಿಲ್ವಾ? ಆ ಹುಡುಗನ್ನ ಕೊಂದಿದ್ದು ಸಂಗೀತ ಅಲ್ಲ ಕಣಮ್ಮ, ಒಂದು ಫ್ಲೆಕ್ಸು! ಅದಕ್ಕೋಸ್ಕರ ಅರ್ಥಿಂಗ್ ಕೀಳಿಸ್ದೋರು ಮುಂದಿನ ಸಾಲಲ್ಲೇ ಕೂತಿದಾರೆ, ಕೇಳಿ!" ಎಂದು ಕಿರುಚಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಬದರೀನಾರಾಯಣ ಫೋನು ನೋಡುತ್ತ ಕೂತ.

ಅಧ್ಯಕ್ಷನ ಪಕ್ಕದ ಕುರ್ಚಿಯಿಂದ ಶರಣ್‌ನ ತಾಯಿ ಗುರುಬಸಮ್ಮ ಎದ್ದು, ನಿಧಾನವಾಗಿ ವರದರಾಜನ ಹತ್ತಿರ ಬಂದರು.

"ಹಾರ್ಟು ನಿಂತೋಯ್ತು ಅಂತ ನನಗೆ ಹೇಳಿದ್ರಪ್ಪಾ. ನಿನ್ನ ಅಂಗಡಿಯಿಂದ ಮೂರನೇ ಬೀದೀಲಿ ನನ್ನ ಮನೆ. ಹನ್ನೆರಡು ವರ್ಷ ನನಗ್ಯಾಕೆ ಹೇಳ್ಲಿಲ್ಲ?"

ವರದರಾಜ ಸುಳ್ಳು ಹೇಳಬಹುದಿತ್ತು, ಹೇಳಲಾಗಲಿಲ್ಲ.

"ಪೆಂಡಾಲಿನ ಕೆಲಸ ಸಮಿತಿಯೋರು ಪ್ರತಿ ವರ್ಷ ನಂಗೇ ಕೊಡ್ತಿದ್ರು ಅಮ್ಮಾ, ಬಾಯ್ಬಿಟ್ರೆ ಹೋಗೋದು. ಹೋದ ವರ್ಷ ಬೇರೆಯವರಿಗೆ ಕೊಟ್ಬಿಟ್ರು."

ಗುರುಬಸಮ್ಮ ಅವನ ಮುಖವನ್ನೇ ನೋಡಿದರು. ಆಮೇಲೆ ತಮ್ಮ ಕುರ್ಚಿಗೆ ಮರಳದೆ, ಬಾಗಿಲು ತಳ್ಳಿಕೊಂಡು ಹೊರಗೆ ಹೋದರು.