ಎಣ್ಣೆ ತೊಳೆಯದ ನಿಬ್ಬುಗಳು

ಪೆನ್ನು ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ನಿಬ್ಬಣ್ಣ ಎನ್ನುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ. ಆದರೂ ಕೈಗೆ ನಿಬ್ಬು ಬಂದರೆ ಮಗುವಿನ ಉಗುರು ಕತ್ತರಿಸುವಷ್ಟು ಜೋಪಾನ. ಅವನ ಅಕ್ಕ ಅಚ್ಚುಕೂಟಕ್ಕೆ ಪ್ರಶಸ್ತಿಪತ್ರ, ಮಾನಪತ್ರ ಬರೆದುಕೊಡುವವಳು. ಮಸಿಯಲ್ಲಿ ಅದ್ದಿ ಬರೆಯುವ ಅವಳ ಉಕ್ಕಿನ ನಿಬ್ಬುಗಳೆಲ್ಲ ತಮ್ಮನ ಕೈಯಿಂದಲೇ ಹೋಗಬೇಕು.

ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲೆಂದು ತೆಳ್ಳಗೆ ಎಣ್ಣೆ ಸವರಿರುತ್ತಾರೆ. ಅದನ್ನು ಸೋಪಿನ ನೀರಲ್ಲಿ ತೊಳೆಯದಿದ್ದರೆ ಮಸಿ ನಿಲ್ಲುವುದಿಲ್ಲ. ಗೆರೆ ನಡುವೆ ಕಡಿಯುತ್ತದೆ, ಇಲ್ಲವೇ ತೊಟ್ಟಿಕ್ಕಿ ಹಾಳೆ ಕೆಡುತ್ತದೆ. ಅಕ್ಕ ಬರೆಯಲು ಕೂತ ದಿನದಿಂದ ಇವನೇ ತೊಳೆದು ಒರೆಸಿ ಕೊಡುತ್ತಿದ್ದ. ಹೇಳಿಕೊಂಡಿರಲಿಲ್ಲ. ನಿಬ್ಬು ಎಂದರೆ ಹಾಗೇ ಇರುತ್ತದೆಂದು ಅವಳು ತಿಳಿದಿದ್ದಳು.

ಒಮ್ಮೆ ಅಂಗಡಿಯಲ್ಲಿ ಗಿರಾಕಿಗಳ ಎದುರೇ ಅವಳು ತಮಾಷೆ ಮಾಡಿದಳು. "ನಿಂದೇನೋ ಮಹಾ ಕೆಲಸ? ಡಬ್ಬಿಯಿಂದ ತೆಗ್ದು ನಂಗೆ ಕೊಡೋದು ತಾನೇ?"

ಎಲ್ಲರೂ ನಕ್ಕರು. ಇಷ್ಟಕ್ಕೇ ಯಾರಾದರೂ ಒಡಹುಟ್ಟಿದವಳ ಮೇಲೆ ಹಗೆ ಸಾಧಿಸುತ್ತಾರೆಯೇ? ಇವನು ಸಾಧಿಸಿದ. ಮುಖ ಊದಿಸಿಕೊಂಡು, ಆ ಸಲದ ನಿಬ್ಬುಗಳನ್ನು ತೊಳೆಯದೆ ಹಾಗೇ ಕೊಟ್ಟು ಕಳಿಸಿದ. ಬೈದುಕೊಂಡು ಬರಲಿ, ಆಗ ನನ್ನ ಬೆಲೆ ತಿಳಿಯುತ್ತದೆ ಎಂಬ ಲೆಕ್ಕಾಚಾರ.

ಅವಳು ಬರಲೇ ಇಲ್ಲ. ಬಂದದ್ದು ಅಚ್ಚುಕೂಟದ ಯಜಮಾನರು. "ನಿಮ್ಮಕ್ಕ ಕೆಲಸ ಬಿಟ್ಬಿಟ್ರಲ್ಲಪ್ಪಾ! ಹಾಳೆ ಮೇಲೆ ಹಾಳೆ ಕೆಡ್ತಂತೆ. ವಯಸ್ಸಾಯ್ತು, ಇನ್ನು ಕೈ ಮಾತು ಕೇಳಲ್ಲ ಅಂದ್ರು."

ನಿಬ್ಬಣ್ಣನಿಗೆ ಎಲ್ಲ ಹೊಳೆಯಿತು. ನಿಬ್ಬಿನ ಮೇಲೆ ಅವಳಿಗೆ ಅನುಮಾನವೇ ಬಂದಿರಲಿಲ್ಲ, ತಮ್ಮ ಕೊಟ್ಟದ್ದಲ್ಲವೇ! ತಪ್ಪೆಲ್ಲ ತನ್ನ ಕೈಯದೇ ಎಂದುಕೊಂಡಿದ್ದಳು. ಅಂಗಡಿ ಬಾಗಿಲು ಎಳೆದವನೇ ಅವಳ ಮನೆಗೆ ಓಡಿದ.

"ಅಕ್ಕಾ, ನಿನ್ ಕೈ ಚೆನ್ನಾಗೇ ಇದೆ. ನಾನೇ ಬೇಕಂತ ಎಣ್ಣೆ ತೊಳೀದೆ ಕೊಟ್ಟೆ," ಎಂದು ಒಂದೂ ಬಿಡದೆ ಹೇಳಿದ. ಅವಳ ಎದುರಿಗೇ ಒಂದು ನಿಬ್ಬು ತೊಳೆದು, ಒರೆಸಿ, ಹಿಡಿಕೆಗೆ ಸಿಕ್ಕಿಸಿ ಕೊಟ್ಟ. "ಬರಿ. ಒಂದೇ ಒಂದು ಅಕ್ಷರ."

ಅವಳು ಮಸಿಗೆ ಅದ್ದಿದಳು. ಮಸಿ ಚೆನ್ನಾಗಿಯೇ ನಿಂತಿತು, ಗೆರೆ ಎಲ್ಲೂ ಕಡಿಯಲಿಲ್ಲ. ಆದರೆ ಇದೂ ಕೆಟ್ಟೀತೆಂಬ ಅಂಜಿಕೆಗೆ ಕೈ ಗಡಗಡ ನಡುಗಿ ಅಕ್ಷರ ಸೊಟ್ಟಗಾಯಿತು. ಆ ಕೈ ನಡುಗಿದ್ದನ್ನು ನಿಬ್ಬಣ್ಣ ಹಿಂದೆಂದೂ ಕಂಡಿರಲಿಲ್ಲ. ಅದು ತಾನೇ ತಂದಿಟ್ಟ ನಡುಕವೆಂದು ಅವನಿಗೆ ಗೊತ್ತು. ನಾಚಿಕೆಯಿಂದ ತಲೆ ತಗ್ಗಿಸಿದ.

ಅಕ್ಕ ಹಿಡಿಕೆ ಕೆಳಗಿಟ್ಟು ಅವನ ಬೆನ್ನು ಸವರಿದಳು.

"ನಂಗೆ ಬೇಜಾರಾಗ್ಬಾರ್ದು ಅಂತ ಇಲ್ಲದ ತಪ್ಪು ಮೈಮೇಲೆ ಹಾಕ್ಕೋತೀಯಲ್ಲೋ. ನಿನ್ನಂಥ ತಮ್ಮ ಯಾರಿಗೆ ಸಿಗ್ತಾನೆ?"