ಚಿದ್ರಿಯ ಬಾವಿಗೆ ಬಂದ ಬರ್ಫದ ಬೈರಿಗೆ

ಆ ಯಂತ್ರಕ್ಕೆ ನಾನು ನಾಲ್ಕು ನೂರ ಎಂಬತ್ತು ರೂಪಾಯಿ ಕೊಟ್ಟೆ. ಮುನ್ನೂರಕ್ಕೆ ಮುಗಿಯಬೇಕಾದ ವ್ಯವಹಾರ. ಮೇಲಿನದ್ದನ್ನು ಯಾಕೆ ಕೊಟ್ಟೆ ಎಂದರೆ, ಮಾರುವವನು ನನ್ನನ್ನು ‘ತಾವು’ ಎಂದು ಕರೆದ. ಇಷ್ಟು ವರ್ಷಗಳಾದರೂ ಈ ಸಾಲನ್ನು ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತಿದೆ.

ನಾನು ಯಾರೆಂದು ಹೇಳದೆ ಹೋದರೆ ಈ ಸಿಟ್ಟಿನ ಅಳತೆ ನಿಮಗೆ ಸಿಗಲಿಕ್ಕಿಲ್ಲ. ಬೀದರಿನ ಪೇಟೆಯಲ್ಲಿ ಹಳೇ ಕಬ್ಬಿಣ ಕೊಂಡು ಮಾರಿ ತಲೆ ಎತ್ತಿದವನು ನಾನು. ಮುರಿದ ಗಾಡಿಯ ಪಟ್ಟಿ, ತುಕ್ಕು ಹಿಡಿದ ಕೊಡಲಿ, ಬಾಗಿಲ ಚಿಲಕ, ಏನೇ ಬರಲಿ, ಬೆರಳಿನ ಗಂಟಿನಿಂದ ಒಮ್ಮೆ ತಟ್ಟಿ ಸದ್ದು ಕೇಳಿದರೆ ಅದು ಉಕ್ಕೋ ಬೀಡುಕಬ್ಬಿಣವೋ ಎಂದು ಹೇಳಬಲ್ಲೆ. ಚೌಕಾಸಿಯಲ್ಲಂತೂ ಪೇಟೆಯವರು ನನ್ನನ್ನು ಕಂಡರೆ ತಕ್ಕಡಿ ಒಳಗಿಡುತ್ತಿದ್ದರು. ಆದರೆ ಆ ಚೌಕಾಸಿಯೆಲ್ಲ ದಖನಿ ಉರ್ದುವಿನಲ್ಲಿ ನಡೆಯುತ್ತಿತ್ತು, ಇಲ್ಲವೇ ಮರಾಠಿಯಲ್ಲಿ. ದಖನಿಯಲ್ಲಿ ಜಗ್ಗಾಡುವುದಕ್ಕೆ ಒಂದು ಕ್ರಮವಿದೆ. ಮೊದಲು ಮನೆಮಂದಿಯ ಕ್ಷೇಮ ಕೇಳಬೇಕು. ಆಮೇಲೆ ಸರಕನ್ನು ನೋಡಿ ಯಾರೋ ಸತ್ತರೇನೋ ಎಂಬಂತೆ ನಿಟ್ಟುಸಿರು ಬಿಡಬೇಕು. ಮಾರುವವನು ಹೇಳಿದ ಬೆಲೆಯ ಅರ್ಧ ಹೇಳಿ, ಎದ್ದು, ಓಣಿಯ ತಿರುವಿನವರೆಗೆ ಹೋಗಬೇಕು. ಅವನು ಕರೆಯುತ್ತಾನೆ. ಕರೆಯದಿದ್ದರೆ ಚಪ್ಪಲಿಯಲ್ಲಿ ಮುಳ್ಳು ಹೊಕ್ಕವನಂತೆ ಅಲ್ಲೇ ನಿಲ್ಲಬೇಕು. ಈ ಎಲ್ಲದರಲ್ಲಿ ನಾನು ಪಂಡಿತ. ಕನ್ನಡ ನನಗೆ ಮನೆಯ ಮಾತು, ಅಕ್ಕನ ಬೈಗುಳದ ಮಾತು. ಅದರಲ್ಲಿ ನಾನು ಯಾವತ್ತೂ ವ್ಯಾಪಾರ ಮಾಡಿರಲಿಲ್ಲ.

ಅಷ್ಟರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಯ ಹಲಗೆಗಳ ಮೇಲಿನ ಉರ್ದು ಅಳಿಸಿ ಕನ್ನಡ ಬಂತು. ಆ ಕಡೆಯಿಂದ ಸಾಹೇಬರು ಬಂದರು. ಅವರ ಕನ್ನಡ ಇಸ್ತ್ರಿ ಮಾಡಿದ ಅಂಗಿಯಂತಿತ್ತು. ನಾವು ಬಾಯಿ ತೆರೆದರೆ ಅವರು ಸಣ್ಣಗೆ ನಗುತ್ತಿದ್ದರು. ನಾವೂ ನಕ್ಕು ಬಾಯಿ ಮುಚ್ಚಿಕೊಳ್ಳುತ್ತಿದ್ದೆವು. ಹೀಗೆ ಒಂದು ವರ್ಷದಲ್ಲಿ, ನಮ್ಮ ಭಾಷೆಯ ರಾಜ್ಯ ಬಂದಿತೆಂದು ಸಂತೋಷಪಟ್ಟವರು ನಮ್ಮ ಭಾಷೆಯನ್ನು ಮಾತಾಡಲು ನಾಚಿಕೊಳ್ಳುವವರಾದೆವು. ಇದಕ್ಕೆ ಯಾರ ಮೇಲೆ ಸಿಟ್ಟಾಗಬೇಕೋ ನನಗೆ ಇನ್ನೂ ತಿಳಿದಿಲ್ಲ. ಸದ್ಯಕ್ಕೆ ನನ್ನ ಮೇಲೇ ಆಗುತ್ತಿದ್ದೇನೆ.

ಇನ್ನು ಬಾವಿಯ ವಿಷಯ. ಬೀದರಿಗೆ ಹತ್ತಿಕೊಂಡ ಚಿದ್ರಿಯಲ್ಲಿ ನಮ್ಮ ಓಣಿಗೆ ಬಾವಿ ಇರಲಿಲ್ಲ. ಪಕ್ಕದ ಓಣಿಯ ಬಾವಿಗೆ ನಮ್ಮ ಹೆಂಗಸರು ಹೋಗಬಹುದಿತ್ತು. ಹಗ್ಗ ಬಿಡುವಂತಿರಲಿಲ್ಲ. ಕಟ್ಟೆಯ ಕೆಳಗೆ ಕೊಡ ಇಟ್ಟು ನಿಲ್ಲಬೇಕು. ಮೇಲಿನವರಿಗೆ ಪುರುಸೊತ್ತಾದಾಗ, ಮನಸ್ಸಾದಾಗ, ಎತ್ತರದಿಂದ ಸುರಿಯುತ್ತಾರೆ. ಅರ್ಧ ಕೊಡಕ್ಕೆ, ಅರ್ಧ ಸೀರೆಗೆ. ನಾವು ಆಗಷ್ಟೇ ಬೌದ್ಧರಾಗಿದ್ದೆವು. ದೀಕ್ಷೆಯ ಸಭೆಯಿಂದ ಬಂದ ದಿನವೇ ನನ್ನ ಅಕ್ಕ ಚಂದ್ರಬಾಯಿ, “ಇನ್ನ ನಾ ಆ ಕಟ್ಟಿ ಕೆಳಗ ನಿಂದ್ರೂದಿಲ್ಲ. ಬಾವಿ ತೋಡ್ರಿ, ಇಲ್ಲಾಂದ್ರ ನೀರ ಕುಡೀದೇ ಸಾಯ್ರಿ” ಎಂದಳು. ಆಕೆ ಹೇಳಿದ್ದನ್ನು ಮಾಡದೆ ಇರುವ ಧೈರ್ಯ ನಮ್ಮ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ತೋಡುವವನು ನಮ್ಮಲ್ಲೇ ಇದ್ದ. ತಿಪ್ಪಣ್ಣ. ಕೆಂಪು ಕಲ್ಲನ್ನು ಬೆಲ್ಲದಂತೆ ಕಡಿಯುವ ಮುದುಕ. ಬೀದರಿನ ಈ ಕಲ್ಲಿನ ಸ್ವಭಾವ ವಿಚಿತ್ರ. ನೆಲದಿಂದ ಎಬ್ಬಿಸುವಾಗ ಮೆತ್ತಗೆ ಇರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಮೈತುಂಬ ತೂತು, ತೂತಿನ ನಡುವೆ ಕಬ್ಬಿಣದ ಗೋಲಿಗಳು. ಸುಲ್ತಾನರ ಕಾಲದಲ್ಲಿ ಇದರ ಹೊಟ್ಟೆಯಲ್ಲಿ ಸುರಂಗ ಕೊರೆದು ಊರಿಗೆ ನೀರು ಹರಿಸಿದ್ದರು. ಆ ಸುರಂಗ ಬಾವಿಗಳ ಗಾಳಿಗಂಡಿಗಳು ಇಂದಿಗೂ ಅಲ್ಲಲ್ಲಿ ಬಾಯಿ ತೆರೆದುಕೊಂಡಿವೆ. ಅದನ್ನು ಮಾಡಿದವರು ಉಳಿ ಹಿಡಿದವರು. ಇಷ್ಟು ಕಣ್ಣೆದುರಿಗಿದ್ದೂ ನನಗೆ ಬುದ್ಧಿ ಬರಲಿಲ್ಲ.

ಮೂವತ್ತು ಮೊಳ ಇಳಿದ ಮೇಲೆ ತಿಪ್ಪಣ್ಣನಿಗೆ ಒಂದು ಗಟ್ಟಿ ಹಾಸು ಸಿಕ್ಕಿತು. ಬರೀ ಕಬ್ಬಿಣಗಲ್ಲು. ಅದರ ಮೇಲೆ ಹೊಟ್ಟೆಯೂರಿ ಮಲಗಿ, ಕಿವಿ ಇಟ್ಟು ಕೇಳಿ ಮೇಲೆ ಬಂದ. “ನೀರ ಅದ. ಎರಡಾಳುದ್ದ ಕೆಳಗ ಅದ. ನಾಕು ತಿಂಗಳು ಕೊಡ್ರಿ, ನಾ ತರ್ತೀನಿ” ಎಂದ. ನಾಲ್ಕು ತಿಂಗಳೆಂದರೆ ನಾಲ್ಕು ತಿಂಗಳು ಕಟ್ಟೆಯ ಕೆಳಗೆ ನಿಲ್ಲುವುದು. ಆಗ ನಾನು ಬಾಯಿ ಹಾಕಿದೆ. ಈಗ ಇಂಜಿನ್ನಿನ ಬೈರಿಗೆಗಳು ಬಂದಿವೆ, ಒಂದು ದಿನದಲ್ಲಿ ತೂತು ಹಾಕುತ್ತವೆ, ಭಾಲ್ಕಿಯಲ್ಲಿ ಏಜೆಂಟ ಒಬ್ಬ ಬಂದು ಇಳಿದಿದ್ದಾನೆ, ನಾನು ಆರಿಸಿ ತರುತ್ತೇನೆ ಎಂದೆ. ಓಣಿಯವರು ಕೂಡಿಹಾಕಿದ ಹಣವನ್ನು ನನ್ನ ಕೈಗೆ ಕೊಟ್ಟರು. ವ್ಯಾಪಾರದಲ್ಲಿ ನನ್ನನ್ನು ಮೀರಿಸಿದವರು ಯಾರೂ ಇಲ್ಲ ಎಂದು ಎಲ್ಲರಿಗೂ ಖಾತ್ರಿಯಿತ್ತು. ತಿಪ್ಪಣ್ಣ ಒಬ್ಬನೇ, “ನನ್ನನ್ನೂ ಕರ್ಕೊಂಡು ಹೋಗು” ಎಂದ. ನಾನು ಅವನ ಮಣ್ಣು ಮೆತ್ತಿದ ಧೋತರ ನೋಡಿದೆ. ನನ್ನ ತೊಳೆದ ಕೋಟು ನೋಡಿಕೊಂಡೆ. ನೀ ಇಲ್ಲೇ ಇರು ಎಂದೆ.

ಏಜೆಂಟ ಮೈಸೂರು ಕಡೆಯ ಹುಡುಗ, ಕುತ್ತಿಗೆಗೆ ಟೈ. ಭಾಲ್ಕಿ ಸ್ಟೇಷನ್ನಿನ ಹತ್ತಿರ ಒಂದು ಕೋಣೆ ಹಿಡಿದಿದ್ದ. ಎರಡು ನಮೂನೆ ತೋರಿಸಿದ. ಒಂದು, ಮೂರು ಕಾಲಿನ ತೊಲೆಗೆ ರಾಟೆ ಕಟ್ಟಿ ಉಕ್ಕಿನ ಭಾರೀ ಸಲಾಕೆಯನ್ನು ಕೈಯಿಂದ ಎತ್ತಿ ಎತ್ತಿ ಹಾಕುವುದು. ನೋಡಲು ದರಿದ್ರವಾಗಿತ್ತು. ಇನ್ನೊಂದು, ಮೇಲೆ ಪೆಟ್ರೋಲ್ ಇಂಜಿನ್, ಕೆಳಗೆ ಸುರುಳಿ ಸುತ್ತಿದ ಕಬ್ಬಿಣ, ತುದಿಗೆ ಎರಡು ಅಲಗು, ಇಬ್ಬರು ಹಿಡಿದು ನಿಲ್ಲಲು ಎರಡು ಹಿಡಿಕೆ. ಕೆಂಪು ಬಣ್ಣ ಫಳಫಳ ಎನ್ನುತ್ತಿತ್ತು. ಜೊತೆಗೊಂದು ಇಂಗ್ಲಿಷ್ ಪುಸ್ತಕ, ಅದರಲ್ಲಿ ಚಿತ್ರ. ಕಣ್ಣು ಹಾಯುವವರೆಗೆ ಬೆಳ್ಳಗಿನ ನೆಲ, ಕಂಬಳಿಯಂಥ ಅಂಗಿ ತೊಟ್ಟ ಒಬ್ಬ ಗೋರಾ, ಅವನ ಮುಂದೆ ದುಂಡಗಿನ ತೂತು, ಕೈಯಲ್ಲಿ ಒಂದು ಮೀನು. ಅದು ಸುಣ್ಣದ ನೆಲವೆಂದು ನಾನು ತಿಳಿದೆ. ಸುಣ್ಣದ ಕಲ್ಲು ಕೊರೆದವನಿಗೆ ನೀರಲ್ಲದೆ ಮೀನು ಕೂಡ ಸಿಕ್ಕಿದೆ, ಇದಕ್ಕಿಂತ ಸಾಕ್ಷಿ ಏನು ಬೇಕು?

“ತಾವು ಬೇಕಾದರೆ ಪರೀಕ್ಷೆ ಮಾಡಿ ನೋಡಬಹುದು ಸಾರ್” ಎಂದ ಹುಡುಗ. ಔರಾದ ತಾಲ್ಲೂಕಿನ ಸಂತಪುರದಲ್ಲಿ ಒಂದು ಹೊಲದಲ್ಲಿ ಮರುದಿನ ತೋರಿಸುವುದಿದೆ, ಬನ್ನಿ ಎಂದ. ಬಸ್ಸಿನಲ್ಲಿ ಹೋದೆ. ಮಳೆ ಮುಗಿದ ಹೊತ್ತು. ಸಂತಪುರದ ಎರೆ ನೆಲ ನೀರು ಕುಡಿದು ತುಪ್ಪದಂತಾಗಿತ್ತು. ಇಂಜಿನ್ ಗುರ್ ಎಂದಿತು, ಬೈರಿಗೆ ಆ ಮಣ್ಣಿನಲ್ಲಿ ಕುತ್ತಿಗೆಯವರೆಗೆ ಇಳಿಯಿತು, ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಆ ಮಣ್ಣಿನಲ್ಲಿ ಛತ್ರಿ ಚುಚ್ಚಿದರೂ ಇಳಿಯುತ್ತಿತ್ತು ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

ಬೆಲೆ ಕೇಳಿದೆ. ನಾಲ್ಕು ನೂರ ಎಂಬತ್ತು ಎಂದ. ನನ್ನ ನಾಲಿಗೆಯ ತುದಿಗೆ ಎರಡು ನೂರ ನಲವತ್ತು ಬಂದು ನಿಂತಿತ್ತು. ಆದರೆ ಅದನ್ನು ಹೇಳುವುದು ಹೇಗೆ? “ಇಷ್ಟ್ಯಾಕ ಹೇಳ್ಲತ್ತೀ ಮಾರಾಯಾ” ಎಂದು ಶುರು ಮಾಡಬೇಕು. ಎದುರಿಗೆ ಅವನು, ‘ತಾವು ಕುಳಿತುಕೊಳ್ಳಿ’, ‘ತಮ್ಮಂಥ ವಿಚಾರವಂತರು’ ಎನ್ನುತ್ತಿದ್ದಾನೆ. ಹುಟ್ಟಿದ ಮೇಲೆ ನನ್ನನ್ನು ಯಾರೂ ಕುರ್ಚಿ ಎಳೆದು ‘ತಾವು’ ಎಂದಿರಲಿಲ್ಲ. ಅಂಥವನೆದುರು ನಮ್ಮ ಒರಟು ಮಾತು ತೆಗೆದು ಜಗ್ಗಾಡಿದರೆ ಓಣಿಯ ಮಾನ ಹೋದೀತು ಅನ್ನಿಸಿತು. ಪುಸ್ತಕದ ಕನ್ನಡದಲ್ಲಿ ಒಂದು ವಾಕ್ಯ ಕಟ್ಟಿದೆ: “ಆಗಬಹುದು.” ಅದು ಚೌಕಾಸಿಯ ವಾಕ್ಯವೇ ಅಲ್ಲ. ಹಣ ಎಣಿಸಿಕೊಟ್ಟೆ.

ಬಾವಿಯೊಳಗೆ ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಹಿಗ್ಗಿಸಿದರೆ ರಾತ್ರಿ ನಿದ್ರೆ ಬರುವುದಿಲ್ಲ. ತಿಪ್ಪಣ್ಣ ಮತ್ತು ನಾನು ಇಳಿದು ಇಂಜಿನ್ ಶುರು ಮಾಡಿದೆವು. ಮೂವತ್ತು ಮೊಳದ ಗುಂಡಿಯಲ್ಲಿ ಹೊಗೆಗೆ ಹೋಗಲು ದಾರಿ ಎಲ್ಲಿದೆ? ಕಣ್ಣು ಉರಿಯಿತು, ತಲೆ ಗಿರ್ರೆಂದಿತು. ನಿಲ್ಲಿಸೋಣ ಎಂದು ತಿಪ್ಪಣ್ಣ ಕೈ ಮಾಡಿದ. ಇನ್ನೊಂದು ಗೇಣು ಎಂದು ನಾನು ಕೈ ಮಾಡಿದೆ. ಅಷ್ಟರಲ್ಲಿ ಅಲಗು ಒಂದು ಕಬ್ಬಿಣದ ಗೋಲಿಗೆ ಸಿಕ್ಕಿ ನಿಂತಿತು. ಬೈರಿಗೆ ನಿಂತಿತು, ಇಂಜಿನ್ ನಿಲ್ಲಲಿಲ್ಲ. ಇಡೀ ಯಂತ್ರ ತಿರುಗಿ ಹಿಡಿಕೆ ತಿಪ್ಪಣ್ಣನ ಮುಂಗೈಗೆ ಬಡಿಯಿತು. ಬೆಲ್ಲದಂತೆ ಕಲ್ಲು ಕಡಿಯುವ ಆ ಕೈಯ ಎಲುಬು ಮುರಿದ ಸದ್ದನ್ನು ನಾನು ಆ ಗದ್ದಲದಲ್ಲೂ ಕೇಳಿದೆ. ಇಬ್ಬರನ್ನೂ ಹಗ್ಗ ಕಟ್ಟಿ ಎಳೆದರು. ಮೇಲೆ ಬಂದು ನೋಡಿದರೆ ಎರಡು ಅಲಗೂ ಹಪ್ಪಳದಂತೆ ಮುರಿದಿದ್ದವು. ಆಗ, ಅಂದರೆ ಹಣ ಕೊಟ್ಟು ಹತ್ತು ದಿನದ ಮೇಲೆ, ಅವನ್ನು ಬೆರಳಿನಿಂದ ತಟ್ಟಿ ನೋಡಿದೆ. ಕ್ಷೌರದ ಕತ್ತಿಗೆ ಆಗುವ ತೆಳು ಉಕ್ಕು.

ಚಂದ್ರಬಾಯಿ ತಿಪ್ಪಣ್ಣನ ಕೈಗೆ ಬಿದಿರು ಕಟ್ಟಿ ಬಟ್ಟೆ ಸುತ್ತುತ್ತ ನನ್ನ ಕಡೆ ನೋಡದೆಯೇ ಕೇಳಿದಳು.

“ಎಷ್ಟು ಇಳಿಸಿದಿ ರೊಕ್ಕಾ?”

“ಇಳಿಸಲಿಲ್ಲ.”

“ಯಾಕ?”

“ಅಂವಾ ಭಾಳ ಮರ್ಯಾದಿಲೆ ಮಾತಾಡ್ದ.”

“ಕೊತ್ತಂಬ್ರಿ ಮಾರಾಕಿ ಕೂಡ ಅರ್ಧಾ ತಾಸು ಜಗ್ಗಾಡ್ತಿ. ಆಕಿ ನಿನಗ ಮರ್ಯಾದಿ ಕೊಡೂದಿಲ್ಲಂತ ಹೌದಿಲ್ಲೋ?” ಎಂದಳು. ಕೊಡ ತೆಗೆದುಕೊಂಡು ಪಕ್ಕದ ಓಣಿಯ ಕಡೆ ಹೊರಟಳು. ಆ ದಿನ ಆಕೆಯ ಬೆನ್ನು ನೋಡಿದಾಗ ಬಂದ ಸಿಟ್ಟು ನನ್ನ ಬದುಕಿನ ಎಲ್ಲ ಸಿಟ್ಟಿಗಿಂತ ದೊಡ್ಡದು.

ಯಂತ್ರವನ್ನು ರೈಲಿಗೆ ಹಾಕಿ ಭಾಲ್ಕಿಗೆ ಒಯ್ದೆ. ಇಳಿಸಿಕೊಳ್ಳುವಾಗ ಪಾರ್ಸೆಲ್ ಗುಮಾಸ್ತ, ಇದೇನು ಸಾಮಾನು, ಕಾಗದದಲ್ಲಿ ಏನೆಂದು ಬರೆಯಲಿ ಎಂದು ಕೇಳಿದ. ಇಂಗ್ಲಿಷ್ ಪುಸ್ತಕ ಕೊಟ್ಟೆ. ಓದುತ್ತ ಓದುತ್ತ ಅವನ ಮೀಸೆ ಅಲುಗತೊಡಗಿತು.

“ಏನ್ರಿ, ಇದನ್ನ ಎಲ್ಲಿ ಹಚ್ಚಿದ್ರಿ?”

“ಬಾವ್ಯಾಗ.”

“ಇದು ಬರ್ಫ ಕೊರಿಯೂ ಬೈರಿಗಿ ಅದರೀ. ಥಂಡಿ ದೇಶದಾಗ ಕೆರಿ ಮ್ಯಾಲ ಬರ್ಫ ಗಟ್ಟಿಯಾಗಿ ಕುಂದರ್ತದ. ಅದಕ್ಕ ತೂತು ಹಾಕಿ ಗಾಳ ಬಿಟ್ಟು ಮೀನ ಹಿಡಿತಾರ. ನಿಮ್ಮ ಬಾವಿ ಮೊದಲ ಬರ್ಫ ಮಾಡ್ಕೊಂಡು ಆಮ್ಯಾಲ ಹಚ್ಚಬೇಕಾಗಿತ್ತು.”

ಸ್ಟೇಷನ್ನಿನಲ್ಲಿದ್ದವರೆಲ್ಲ ನಕ್ಕರು. ನಗಲಿ. ಬೀದರಿನಲ್ಲಿ ಬರ್ಫವೆಂದರೆ ಶರಬತ್ತಿನ ಅಂಗಡಿಯಲ್ಲಿ ಗೋಣಿ ಸುತ್ತಿ ಹೊಟ್ಟಿನಲ್ಲಿ ಹೂತಿಟ್ಟ ಒಂದು ಮಂಜುಗಡ್ಡೆ. ಅದರ ಮೇಲೆ ಮನುಷ್ಯ ಕಾಲೂರಿ ನಿಲ್ಲುತ್ತಾನೆಂದು ನನಗೆ ಹೇಗೆ ಗೊತ್ತಾಗಬೇಕು? ಆದರೆ ಮಾರುವವನಿಗೆ ಗೊತ್ತಿರಬೇಕಲ್ಲ.

ಗೊತ್ತಿರಲಿಲ್ಲ. ಕೇಳಿದರೆ ಹುಡುಗ, “ತಾವು ಕೋಪ ಮಾಡಿಕೊಳ್ಳಬಾರದು ಸಾರ್, ಕಂಪನಿಯವರು ಕಳಿಸಿದ್ದನ್ನು ನಾವು ಕೊಡ್ತೀವಿ, ಮಾರಿದ್ದು ವಾಪಸ್ ತಗೊಳ್ಳೋ ಕಂಡೀಷನ್ ಇಲ್ಲ” ಎಂದು ಕುರ್ಚಿ ಎಳೆದ. ನಾನು ಕೂರಲಿಲ್ಲ. ಯಂತ್ರವನ್ನು ಅವನ ಹೊಸ್ತಿಲಿಗೆ ಅಡ್ಡ ಮಲಗಿಸಿ ಪಕ್ಕದಲ್ಲಿ ನೆಲಕ್ಕೆ ಕೂತೆ. ಹೋಗಿಬರುವವರಿಗೆ ಮುರಿದ ಅಲಗು ತೋರಿಸಿ, ಅಕ್ಕನ ಕನ್ನಡದಲ್ಲಿ, ಒಂದು ಬೈಗುಳವೂ ಇಲ್ಲದೆ, ನಡೆದದ್ದನ್ನು ನಡೆದಂತೆ ಹೇಳತೊಡಗಿದೆ. ನನ್ನ ಮಾತು ಅಷ್ಟು ಸರಾಗವಾಗಿ ಹರಿಯುತ್ತದೆಂದು ನನಗೇ ತಿಳಿದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೆಹಕರದಿಂದ ಇಬ್ಬರು ರೈತರು ಇದೇ ಯಂತ್ರ ಕೊಳ್ಳಲೆಂದು ಬಂದರು. ತಿಪ್ಪಣ್ಣನ ಕೈಯ ಕಥೆ ಕೇಳಿ ನನ್ನ ಪಕ್ಕದಲ್ಲೇ ಕೂತು ಎಲೆ ಅಡಿಕೆ ಬಿಚ್ಚಿದರು. ಹುಡುಗ ಟೈ ಸಡಿಲಿಸಿದ.

“ಸಾರ್, ಏನು ಮಾಡಬೇಕು ಹೇಳಿ.”

“ಆ ಉಕ್ಕಿನ ಸಲಾಕಿ ಕೊಡು. ತೊಲಿ, ರಾಟಿ, ಹಗ್ಗ ಎಲ್ಲಾ ಕೊಡು. ಉಳಿದ ರೊಕ್ಕಾ ತಿಪ್ಪಣ್ಣನ ಔಷಧಕ್ಕ ಕೊಡು. ಅಲ್ಲೀತನಕ ನಾ ಇಲ್ಲೇ ಬೀಗರ ಮನಿಯಾಗ ಇದ್ದಂಗ ಇರ್ತೀನಿ.”

ಸಂಜೆಯ ಗಾಡಿಗೆ ಎಲ್ಲವನ್ನೂ ಹೇರಿಕೊಂಡು ಬಂದೆ. ಸಲಾಕೆಯನ್ನು ಉದ್ದಕ್ಕೂ ತಟ್ಟಿ ಸದ್ದು ಕೇಳಿಯೇ ತಂದೆ. ಆ ಹುಡುಗನಿಗೂ ಮೇಲಿನವರು ಯಾರೋ ಟೋಪಿ ಹಾಕಿದ್ದರೆಂದು ದಾರಿಯಲ್ಲಿ ಅನ್ನಿಸಿತು. ಆದರೂ ಸಿಟ್ಟು ಇಳಿಯಲಿಲ್ಲ. ಅವನ ಕೈ ಮುರಿದಿರಲಿಲ್ಲವಲ್ಲ.

ತಿಪ್ಪಣ್ಣ ನಮ್ಮ ಬಾವಿಯ ಅಂಚಿನಲ್ಲಿ ಕೂತು, ಒಳ್ಳೆಯ ಕೈಯಿಂದ ದಿಕ್ಕು ತೋರಿಸಿ, ನಮ್ಮನ್ನೆಲ್ಲ ಬೈಯುತ್ತ ಕೆಲಸ ಮಾಡಿಸಿದ. ನಾನು ಕೋಟು ಕಳಚಿ ಹಗ್ಗ ಜಗ್ಗಿದೆ. ಎತ್ತುವುದು, ಹಾಕುವುದು, ಎತ್ತುವುದು, ಹಾಕುವುದು. ತಿಂಗಳ ಮೇಲೆ ಒಂದು ವಾರವಾಯಿತು. ಒಂದು ಬೆಳಿಗ್ಗೆ ಸಲಾಕೆ ಬೇರೆಯೇ ಸದ್ದು ಮಾಡಿ ಕೆಳಗೆ ಜಾರಿತು. ತಿಪ್ಪಣ್ಣ “ಸುಮ್ಮನಿರ್ರಿ” ಎಂದ. ಎಲ್ಲರೂ ಬಗ್ಗಿ ಕಿವಿಗೊಟ್ಟೆವು. ಸಂಜೆಗೆ ಮೊಳಕಾಲು ನೀರು, ಮರುದಿನಕ್ಕೆ ಎದೆಯುದ್ದ. ಕೆಸರು ತಿಳಿಯಾಗುವವರೆಗೂ ಕಾಯದೆ ಚಂದ್ರಬಾಯಿ ತಾನೇ ಹಗ್ಗ ಬಿಟ್ಟು ತಾನೇ ಸೇದಿದಳು. ತುಂಬಿದ ಕೊಡವನ್ನು ಸೊಂಟಕ್ಕೆ ಇಡಲಿಲ್ಲ, ಮತ್ತೆ ಬಾವಿಗೇ ಸುರಿದಳು. ಇನ್ನೊಮ್ಮೆ ಸೇದಿದಳು. ಹಾಗೆ ಆರೇಳು ಸಲ.

ಓದುಗರೇ, ನೀವೂ ಒಂದು ದಿನ ಏನನ್ನೋ ಕೊರೆಯುವ ಯಂತ್ರ ಕೊಳ್ಳಲು ಹೋಗುತ್ತೀರಿ, ಆದ್ದರಿಂದ ಹೇಳುತ್ತೇನೆ. ಅದು ಯಾವ ನೆಲಕ್ಕಾಗಿ ಹುಟ್ಟಿದ್ದೆಂದು ಮೊದಲು ಕೇಳಿ. ಮಾರುವವನಿಗೆ ತಿಳಿಯದಿದ್ದರೆ ಪುಸ್ತಕ ಓದಬಲ್ಲವರಿಗೆ ತೋರಿಸಿ. ಹಣ ಕೊಡುವ ಮೊದಲು ತೋರಿಸಿ. ಇಂಜಿನ್ ಇದ್ದರೆ ಅದರ ಹೊಗೆ ಎಲ್ಲಿಗೆ ಹೋಗುತ್ತದೆಂದು ನೋಡಿ, ಗುಂಡಿಯೊಳಗೆ ಅದನ್ನು ಯಾವತ್ತೂ ಇಳಿಸಬೇಡಿ. ಬೆಲೆಯನ್ನು ನೀವು ಮನೆಯಲ್ಲಿ ಜಗಳವಾಡುವ ಭಾಷೆಯಲ್ಲಿ ಮಾತಾಡಿ. ಪರೀಕ್ಷೆಯನ್ನು ಇನ್ನೊಬ್ಬರ ಹೊಲದಲ್ಲಿ ನೋಡಿ ಬರಬೇಡಿ. ನಿಮ್ಮ ಬಾವಿಯ ತಳದ ಒಂದು ಕಲ್ಲನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಇದರ ಮೇಲೆ ತೋರಿಸಿ ಎನ್ನಿ. ಕಲ್ಲು ಭಾರವಿರುತ್ತದೆ, ಬಸ್ಸಿನವನು ಗೊಣಗುತ್ತಾನೆ. ಚೀಲದ ಒಂದು ಕಿವಿಯನ್ನು ನೀವು ಹಿಡಿಯಿರಿ. ಇನ್ನೊಂದನ್ನು, ಆ ಯಂತ್ರ ಹಿಡಿದು ಬಾವಿಗೆ ಇಳಿಯಬೇಕಾದವನ ಕೈಗೆ ಕೊಡಿ.