ಹೆಲ್ಮೆಟ್ ತಟ್ಟುವ ನೀಲಮ್ಮ

ಬೆಳಗಿನ ಐದೂವರೆ. ಹೊರಗೆ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್. ಬಾಗಿಲ ಬಳಿಯ ಬಕೆಟ್ಟಿನ ನೀರು ಕಲ್ಲಾಗಿ ಕೂತಿದೆ. ಡೆಟ್ರಾಯ್ಟ್ ನಗರದ ಉತ್ತರಕ್ಕಿರುವ ವಿಶ್ವವಿದ್ಯಾಲಯವೊಂದರ ವ್ಯಾಯಾಮಶಾಲೆಯ ನೆಲಮಾಳಿಗೆಯಲ್ಲಿ, ಇಳಕಲ್ ಸೀರೆಯ ಮೇಲೆ ಗಂಡನ ಹಳೆಯ ಕೋಟು ತೊಟ್ಟ ನೀಲಮ್ಮ ಬಿಸಿ ಉಗಿಯ ಕೊಳವೆಗಳ ಪಕ್ಕ ಬೆಂಚಿನ ಮೇಲೆ ಹೆಲ್ಮೆಟ್‌ಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದಾರೆ. ಒಟ್ಟು ಅರವತ್ತೆಂಟು. ಜೋಡಿಸಿ ಮುಗಿದ ಮೇಲೆ ಕೆಲಸ ಶುರುವಾಗುವುದಿಲ್ಲ. ಒಂದು ತಾಸು ಸುಮ್ಮನೆ ಕೂರುತ್ತಾರೆ.

"ಮೊದಲ ಬೆಚ್ಚಗಾಗ್ಲಿ. ಥಂಡಿ ಹಿಡಿದದ್ದು ಖರೇ ಮಾತಾಡಂಗಿಲ್ಲ," ಎನ್ನುತ್ತಾರೆ.

ಆರೂವರೆಗೆ ಎದ್ದು ಬಲಗೈಯ ನಡುಬೆರಳನ್ನು ಮಡಿಸಿ ಗೆಣ್ಣಿನಿಂದ ತಟ್ಟುತ್ತಾರೆ. ಹಣೆಗೆ ಒಂದು, ನೆತ್ತಿಗೆ ಒಂದು, ಎರಡು ಕಿವಿಗಳ ಹಿಂದೆ ಒಂದೊಂದು. ಒಳ್ಳೆಯ ಹೆಲ್ಮೆಟ್ ಟಣ್ ಎನ್ನುತ್ತದೆ. ಬಿರುಕು ಬಿಟ್ಟದ್ದು ಗೊರ್ ಎಂದು ಗಂಟಲು ಕಟ್ಟಿದವರ ಹಾಗೆ ದನಿ ತೆಗೆಯುತ್ತದೆ. ಅರವತ್ತೆಂಟಕ್ಕೆ ಇನ್ನೂರ ಎಪ್ಪತ್ತೆರಡು ಏಟು. ಗೆಣ್ಣಿನ ಮೇಲೆ ಕಾಯಿಗಟ್ಟಿ ಕಪ್ಪಾಗಿದೆ.

ಇವತ್ತು ತಟ್ಟುವಾಗ ಅವರ ಮುಖ ಬಿಗಿದುಕೊಂಡಿದೆ. ಹೋದ ವಾರ ಅವರು ಗೊರ್ ಎನ್ನುತ್ತವೆಂದು ಬದಿಗಿಟ್ಟಿದ್ದ ಹತ್ತೊಂಬತ್ತು ಹೆಲ್ಮೆಟ್‌ಗಳು ನಿನ್ನೆ ಸಂಜೆ ಎಲ್ಲಿಗೋ ಹೋಗಿ, ಇವತ್ತು ಹೊಸ ಕೆಂಪು ಬಣ್ಣ ಬಳಿದುಕೊಂಡು ವಾಪಸು ಬಂದಿವೆ. ಜೊತೆಗೊಂದು ಕಾಗದ: 'ಅರವತ್ತೆಂಟೂ ಹೆಲ್ಮೆಟ್ ಪರೀಕ್ಷಿಸಲಾಗಿದೆ, ಎಲ್ಲವೂ ಸುರಕ್ಷಿತ.' ಕೆಳಗೆ ಖಾಲಿ ಗೆರೆ. ನೀಲಮ್ಮನ ರುಜುವಿಗೆ.

"ಬಣ್ಣ ಹಚ್ಚಿದವ ಯಾರು? ಯಾಕ ಹಚ್ಚಿದ? ಕೇಳಿದ್ರ ಯಾರೂ ಬಾಯಿ ಬಿಡವಲ್ರು," ಎನ್ನುತ್ತ ಒಂದನ್ನು ಎತ್ತಿ ತಟ್ಟುತ್ತಾರೆ. ಗೊರ್. "ಕೇಳಿದ್ರಿ? ಬಣ್ಣಕ್ಕ ಮಾರಿ ಮುಚ್ಚಾಕ ಬರ್ತೈತಿ, ದನಿ ಮುಚ್ಚಾಕ ಬರಂಗಿಲ್ಲ."

ಹೆಸರು ಫುಟ್‌ಬಾಲ್ ಆದರೂ ಇಲ್ಲಿನ ಆಟದಲ್ಲಿ ಚೆಂಡಿಗೆ ಕಾಲು ತಾಗುವುದು ಅಪರೂಪ. ಎರಡು ಕಡೆಯ ದಢೂತಿ ಹುಡುಗರು ಟಗರುಗಳ ಹಾಗೆ ತಲೆ ತಗ್ಗಿಸಿ ಡಿಕ್ಕಿ ಹೊಡೆಯುತ್ತಾರೆ. ತಲೆಗೂ ಸಾವಿಗೂ ನಡುವೆ ಇರುವುದು ಬೆರಳ ದಪ್ಪವೂ ಇಲ್ಲದ ಪ್ಲಾಸ್ಟಿಕ್ ಚಿಪ್ಪು. ಈ ವಿಶ್ವವಿದ್ಯಾಲಯದ ತಂಡ ಹಿಂದಿನ ಮೂವತ್ತು ಪಂದ್ಯಗಳಲ್ಲಿ ಇಪ್ಪತ್ತೇಳನ್ನು ಸೋತಿದೆ. ತಂಡವನ್ನು ಇಟ್ಟುಕೊಳ್ಳಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸಲು ಸಮಿತಿ ಕೂತಿದೆ. ಈ ಎಪ್ಪತ್ತಾರನೇ ಇಸವಿಯ ಮಾರ್ಚ್ ತಿಂಗಳ ಇವತ್ತಿನ ಮಧ್ಯಾಹ್ನ ಕೊನೆಯ ಬಹಿರಂಗ ವಿಚಾರಣೆ. ಅಷ್ಟರೊಳಗೆ ಆ ಖಾಲಿ ಗೆರೆ ತುಂಬಬೇಕು.

ಮುಚ್ಚಿದರೆ ಯಾರಿಗೆ ನಷ್ಟ? ಗ್ಯಾಲರಿಯಲ್ಲಿ ಕೂತು ಕೂಗುವವರಿಗಲ್ಲ. ಈ ಅರವತ್ತೆಂಟು ಹುಡುಗರಲ್ಲಿ ಹೆಚ್ಚಿನವರು ಕಾರ್ಖಾನೆ ಕೆಲಸಗಾರರ ಮಕ್ಕಳು, ಕರಿಯರು, ಪೋಲೆಂಡಿನಿಂದ ಬಂದವರ ಮೊಮ್ಮಕ್ಕಳು. ಆಡುತ್ತಾರೆಂದೇ ಅವರಿಗೆ ಫೀಸು ಮಾಫಿ. ಆಟ ನಿಂತರೆ ಓದೂ ನಿಲ್ಲುತ್ತದೆ. ನೀಲಮ್ಮನಿಗೆ ಇದು ಗೊತ್ತು. ಹತ್ತೊಂಬತ್ತು ಒಡಕು ಎಂದು ಅವರು ಬಾಯಿ ಬಿಟ್ಟರೆ ಅಷ್ಟೂ ಹುಡುಗರ ಓದು ಹೋಗಬಹುದು. ಬಾಯಿ ಮುಚ್ಚಿಕೊಂಡರೆ ಯಾವನೋ ಒಬ್ಬನ ತಲೆ ಹೋಗಬಹುದು. ಇಂಥ ಇಕ್ಕಳದಲ್ಲಿ ಕೈ ಸಿಕ್ಕಿಸಿಕೊಂಡವರ ಸಂಬಳ ಈ ಕಟ್ಟಡದಲ್ಲೇ ಎಲ್ಲರಿಗಿಂತ ಕಡಿಮೆ.

ಗದಗಿನ ಕಡೆಯ ನೀಲಮ್ಮ ಎಪ್ಪತ್ತರಲ್ಲಿ ಗಂಡ ದಾನಪ್ಪನ ಹಿಂದೆ ಬಂದವರು. ದಾನಪ್ಪ ಎಂಜಿನಿಯರು, ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಮನೆ. ಮರುವರ್ಷವೇ ಕಾರ್ಖಾನೆ ಅವರನ್ನು ಮನೆಗೆ ಕಳಿಸಿತು. ಏಳು ತಿಂಗಳು ಕೆಲಸವಿಲ್ಲ. ಆಗ ನೀಲಮ್ಮ ಡ್ರೈವಿಂಗ್ ಕಲಿತು, ಹದಿನಾಲ್ಕು ಮೈಲಿ ದೂರದ ಈ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೆಲಸ ಹಿಡಿದರು. ದಿನಕ್ಕೆ ಐದು ಮಷೀನು ಬಟ್ಟೆ, ಭುಜದ ಪಟ್ಟಿಗಳ ಹೊಲಿಗೆ, ಕೊನೆಗೆ ಹೆಲ್ಮೆಟ್. ದಾನಪ್ಪನಿಗೆ ಕೆಲಸ ಮರಳಿ ಸಿಕ್ಕಿದರೂ ಇವರು ಬಿಡಲಿಲ್ಲ.

ಸುತ್ತಲಿನ ಕನ್ನಡ ಮನೆಗಳಲ್ಲಿ ಇದು ಜೀರ್ಣವಾಗಲಿಲ್ಲ. ಯುಗಾದಿ ಊಟಕ್ಕೆ ಸೇರಿದ್ದಾಗ ಮೈಸೂರಿನ ಡಾಕ್ಟರರ ಹೆಂಡತಿ ಅನಸೂಯ ಎಲ್ಲರೆದುರು ಕೇಳಿದರಂತೆ: "ಅಲ್ಲ ನೀಲಮ್ಮ, ನಿಮ್ಮ ಯಜಮಾನ್ರು ಎಂಜಿನಿಯರ್ರು, ನೀವು ಯಾರ್‍ಯಾರ್ದೋ ಬೆವರಿನ ಚಡ್ಡಿ ಒಗೀತೀರಂತೆ? ನಮಗೆ ಹೇಗೆ ಕಾಣತ್ತೆ ಹೇಳಿ?"

"ನಿಮಗ ಕಾಣಬಾರ್ದು ಅಂತನಽ ಅಲ್ರಿ ನೆಲದಾಗ ಕುಂತು ಒಗಿಯೂದು," ಎಂದು ನೀಲಮ್ಮ ಇನ್ನೊಂದು ಹೋಳಿಗೆ ಬಡಿಸಿದರಂತೆ.

ತಟ್ಟುವ ವಿದ್ಯೆ ಯಾವ ಕೈಪಿಡಿಯಿಂದಲೂ ಬಂದದ್ದಲ್ಲ. ಸಂತೆಯಲ್ಲಿ ಅವರ ತಾಯಿ ಗಡಿಗೆ ಕೊಳ್ಳುತ್ತಿದ್ದದ್ದು ಹೀಗೆ: ಬಿಸಿಲಿಗೆ ಕಾದ ಗಡಿಗೆಯನ್ನೇ ಎತ್ತಿ, ತಟ್ಟಿ, ಕಿವಿಗೊಡುವುದು. ಕುಂಬಾರ ಎಷ್ಟು ಆಣೆ ಇಟ್ಟರೂ ಅವನ ಮಾತಿಗೆ ಕಿವಿಗೊಡುತ್ತಿರಲಿಲ್ಲ. ಮನೆಗೆ ತಂದ ಮೇಲೂ ನಂಬಿಕೆಯಿಲ್ಲ. ಒಂದು ರಾತ್ರಿ ನೀರು ತುಂಬಿಟ್ಟು ನೋಡಬೇಕು.

ಬಿಸಿಲಿಗೆ ಕಾದ ಗಡಿಗೆ ಎಂಬುದನ್ನು ನೀಲಮ್ಮ ಇಲ್ಲಿ ಮರೆತರು. ಎಪ್ಪತ್ಮೂರರ ಮಾರ್ಚ್. ಹೊರಗಿನ ಚಳಿಯ ಉಗ್ರಾಣದಿಂದ ಆಗತಾನೇ ತಂದ ಹೆಲ್ಮೆಟ್‌ಗಳನ್ನು ತಟ್ಟಿ ಹನ್ನೊಂದು ಒಡಕು ಎಂದು ಹೇಳಿಬಿಟ್ಟರು. ದುಡ್ಡು ತೆತ್ತು ಹೊರಗಿನ ಪ್ರಯೋಗಾಲಯದ ಯಂತ್ರಕ್ಕೆ ಹಾಕಿಸಿ ನೋಡಿದರೆ ಹನ್ನೊಂದೂ ಗಟ್ಟಿ. ಚಳಿಗೆ ಪ್ಲಾಸ್ಟಿಕ್ಕಿನ ದನಿ ಕುಗ್ಗಿತ್ತು, ಅಷ್ಟೆ. ಆ ವರ್ಷವಿಡೀ ಅವರು ಬಂದರೆ ಸಾಕು, ತರಬೇತುದಾರರು ಒಬ್ಬರ ಬೋಳುತಲೆ ಒಬ್ಬರು ತಟ್ಟಿ, "ಮಿಸೆಸ್ ಡಿ, ಇದು ಹೇಗಿದೆ?" ಎಂದು ನಗುತ್ತಿದ್ದರು.

ನಗೆಗೆ ಬೆಲೆ ತೆತ್ತವನು ಬೇರೆ. ಎಪ್ಪತ್ನಾಲ್ಕರ ಅಕ್ಟೋಬರಿನ ಒಂದು ಶುಕ್ರವಾರ ಐವತ್ನಾಲ್ಕನೇ ನಂಬರಿನ ಹೆಲ್ಮೆಟ್ ಗೊರ್ ಎಂದಂತಾಯಿತು. ಆದೀತೋ, ಆಗಲಿಕ್ಕಿಲ್ಲವೋ. ಮತ್ತೆ ನಗುತ್ತಾರೆಂದು ನೀಲಮ್ಮ ಸುಮ್ಮನಾದರು. ಶನಿವಾರದ ಪಂದ್ಯದಲ್ಲಿ ಅದನ್ನು ತೊಟ್ಟ ಹುಡುಗ ಬಿದ್ದವನು ಮೂರು ದಿನ ಕಣ್ಣು ಬಿಡಲಿಲ್ಲ. ಬದುಕಿದ. ಈಗ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುತ್ತಾನೆ, ಎಡಗೈ ನಡುಗುತ್ತದೆ. ಆ ಹೆಲ್ಮೆಟ್ಟನ್ನು ಕಸಕ್ಕೆ ಎಸೆದಿದ್ದರು. ನೀಲಮ್ಮ ಮನೆಗೆ ತಂದು, ಒಳಪಟ್ಟಿ ಬಿಚ್ಚಿ, ತೂತುಗಳಿಗೆ ಚಪಾತಿ ಹಿಟ್ಟು ಮೆತ್ತಿ, ನೀರು ತುಂಬಿದರು. ನೆತ್ತಿಯ ಹತ್ತಿರ ಹನಿ ಕಟ್ಟಿತು.

"ಒಡಕು ಮೊದಲಽ ಇತ್ತೋ, ಬಿದ್ದ ಮ್ಯಾಲ ಆತೋ, ನನಗ ಗೊತ್ತಿಲ್ರಿ. ಯಾರಿಗೂ ಗೊತ್ತಾಗಂಗಿಲ್ಲ. ಆದ್ರ ನಾ ಕೇಳಿದ್ದೆ. ಕೇಳಿ ಸುಮ್ಮನಿದ್ದೆ."

ಅಂದಿನಿಂದ ಉಗಿಕೊಳವೆಯ ಪಕ್ಕ ಒಂದು ತಾಸು. ಗೊರ್ ಎಂದದ್ದಕ್ಕೆಲ್ಲ ನೀರು.

ಈ ವಾರ ನೆಲಮಾಳಿಗೆಗೆ ಎಂದೂ ಇಳಿಯದ ಇಬ್ಬರು ಇಳಿದಿದ್ದಾರೆ. ಸೋಮವಾರ ಕ್ರೀಡಾ ವಿಭಾಗದ ನಿರ್ದೇಶಕ ಹಾಲಿಸ್, ಕೈಯಲ್ಲಿ ಡೋನಟ್ ಪೊಟ್ಟಣ. ತಂಡ ನಿಮ್ಮ ಕುಟುಂಬವಲ್ಲವೇ, ಒಂದು ರುಜು ಹಾಕಿಬಿಡಿ, ಹುಡುಗರ ಓದು ಉಳಿಯುತ್ತದೆ ಎಂದರಂತೆ. ಹೊಸ ಹೆಲ್ಮೆಟ್ ತರಿಸಿ ಎಂದು ನೀಲಮ್ಮ ಕೇಳಿದರೆ, ಈ ವರ್ಷ ಆಗದು ಎಂಬ ಉತ್ತರ. ಎಪ್ಪತ್ಮೂರರಲ್ಲಿ ನಿಮ್ಮ ಕಿವಿ ತಪ್ಪಿತ್ತಲ್ಲ ಎಂದು ಹೋಗುವಾಗ ನೆನಪಿಸಿದರಂತೆ.

ಬುಧವಾರ ಪ್ರೊಫೆಸರ್ ವಿಟ್‌ಕಾಂಬ್. ಆಟ ಮೃಗೀಯ, ತಂಡ ಮುಚ್ಚಬೇಕು, ನೀವು ಐವತ್ನಾಲ್ಕರ ಹೆಲ್ಮೆಟ್ ತಂದು ಸಭೆಯಲ್ಲಿ ಎತ್ತಿ ಹಿಡಿಯಬೇಕು ಎಂದರಂತೆ. ಮಾತು ನ್ಯಾಯದ್ದೇ. ಆದರೆ ತಂಡ ಮುಚ್ಚಿದರೆ ಆ ಮೈದಾನದಲ್ಲಿ ಏಳುವುದು ಇದೇ ಪ್ರೊಫೆಸರರ ವಿಭಾಗದ ಹೊಸ ಕಟ್ಟಡ. ನಕಾಶೆ ಆಗಲೇ ಗೋಡೆಯ ಮೇಲಿದೆ.

"ಇಬ್ರಿಗೂ ಒಂದಽ ಕೇಳಿದೆ," ನೀಲಮ್ಮ ಹೇಳುತ್ತಾರೆ. "ಐವತ್ನಾಲ್ಕರ ಹುಡುಗನ ಹೆಸರೇನು ಅಂತ. ಒಬ್ಬಂವ ಛತ್ತ ನೋಡಿದ, ಇನ್ನೊಬ್ಬಂವ ನೆಲ ನೋಡಿದ. ಡೆನಿಸ್ ಕೊವಾಲ್ ಅಂತ್ರಿ ಅವನ ಹೆಸರು. ಅದು ಗೊತ್ತಿಲ್ದವರಿಗೆ ಅವನ ಹೆಲ್ಮೆಟ್ ಯಾಕ ಬೇಕು?"

ಆ ಹೆಲ್ಮೆಟ್ ಮನೆಯಲ್ಲೇ ಉಳಿಯುತ್ತದೆ. ರುಜುವಿನ ಗೆರೆ ಖಾಲಿಯೇ ಉಳಿಯುತ್ತದೆ.

ಮಧ್ಯಾಹ್ನ ಮೂರು. ಉದ್ದ ಮೇಜು, ಏಳು ಜನ ಸಮಿತಿಯವರು. ನೀಲಮ್ಮ ಕೈಚೀಲದಿಂದ ಹೊಸ ಬಣ್ಣದ ಒಂದು ಹೆಲ್ಮೆಟ್, ಥರ್ಮಾಸ್, ಒಂದು ಮುದ್ದೆ ನಾದಿದ ಹಿಟ್ಟು ತೆಗೆಯುತ್ತಾರೆ. ಯಾರೋ ಕಿಸಕ್ಕನೆ ನಗುತ್ತಾರೆ. ನೀಲಮ್ಮ ತೂತುಗಳಿಗೆ ಹಿಟ್ಟು ಮೆತ್ತಿ, ಹೆಲ್ಮೆಟ್ಟಿನ ಬಾಯಿ ಮೇಲೆ ಮಾಡಿ, ಎರಡು ಪುಸ್ತಕಗಳ ನಡುವೆ ನಿಲ್ಲಿಸಿ, ಥರ್ಮಾಸಿನ ನೀರು ಹೊಯ್ಯುತ್ತಾರೆ. ಕೆಳಗೆ ಹಾಲಿಸ್ ತಯಾರಿಸಿದ ಅದೇ ಕಾಗದ.

ಒಂದು ನಿಮಿಷ. ಎರಡು. ಹನಿಯಿಲ್ಲ. ಹಾಲಿಸ್ ಕುರ್ಚಿಗೆ ಒರಗಿ ಕಾಲ ಮೇಲೆ ಕಾಲು ಹಾಕುತ್ತಾರೆ. ವಿಟ್‌ಕಾಂಬ್ ಗಡಿಯಾರ ನೋಡುತ್ತಾರೆ. ನೀಲಮ್ಮನಿಗೆ ಎಪ್ಪತ್ಮೂರರ ಆ ಹನ್ನೊಂದು ನೆನಪಾಗದೆ ಇರುತ್ತದೆಯೇ? ಅವರು ಎರಡೂ ಅಂಗೈಗಳನ್ನು ಹೆಲ್ಮೆಟ್ಟಿನ ಕಿವಿಗಳ ಮೇಲಿಟ್ಟು ಮೆಲ್ಲಗೆ ಒತ್ತುತ್ತಾರೆ, ಎದುರಿನಿಂದ ಒಬ್ಬ ಹುಡುಗ ಬಂದು ಡಿಕ್ಕಿ ಹೊಡೆದರೆ ಬೀಳುವ ಒತ್ತಡದ ನೂರನೇ ಪಾಲೂ ಇಲ್ಲ. ಕೆಂಪು ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಏಳುತ್ತದೆ. ಒಂದು ಹನಿ. ಆಮೇಲೆ ಸಾಲಾಗಿ. 'ಎಲ್ಲವೂ ಸುರಕ್ಷಿತ' ಎಂಬ ಅಕ್ಷರಗಳ ಮೇಲೆ ಮಸಿ ಹರಡುತ್ತದೆ.

ಸಮಿತಿಯ ಅಧ್ಯಕ್ಷೆ ಒದ್ದೆಯಾದ ಕಾಗದದಿಂದ ಕಣ್ಣೆತ್ತಿ ಕೇಳುತ್ತಾರೆ: ಹಾಗಾದರೆ ತಂಡ ಮುಚ್ಚಬೇಕೆಂದು ನಿಮ್ಮ ಅಭಿಪ್ರಾಯವೇ?

ನೀಲಮ್ಮ ತಮ್ಮ ಒಡಕು ಇಂಗ್ಲಿಷಿನಲ್ಲಿ ಏನೆಂದರೆಂಬುದನ್ನು ಆಮೇಲೆ ಕಾರಿನ ಬಳಿ ನಿಂತು ಕನ್ನಡದಲ್ಲಿ ಹೇಳುತ್ತಾರೆ: "ಮುಚ್ಚೂದು ತೆರಿಯೂದು ನಿಮ್ಮ ಕೆಲಸ. ನಾ ಹೆಲ್ಮೆಟ್ ನೋಡಾಕಿ. ಗಟ್ಟಿ ಇದ್ದದ್ದು ನಲವತ್ತೊಂಬತ್ತು. ನಲವತ್ತೊಂಬತ್ತು ಮಂದಿ ಆಡಬಹುದು. ಉಳಿದ ಹತ್ತೊಂಬತ್ತು ಮಂದಿ ಆಡೂದು ಬ್ಯಾಡ, ಓದ್ಲಿ. ಫೀಸಿನ ಮಾಫಿ ಯಾಕ ತಗೀತೀರಿ? ಹೆಲ್ಮೆಟ್ ಒಡದದ್ದು ನಿಮ್ದು, ಅವರ ತಲಿ ಅಲ್ಲ ಅಂದೆ."

ಮೂರು ದಿನದ ಮೇಲೆ ತೀರ್ಪು ಬರುತ್ತದೆ. ತಂಡ ಒಂದು ವರ್ಷ ಉಳಿಯುತ್ತದೆ, ನಲವತ್ತೊಂಬತ್ತೇ ಜನ. ಹತ್ತೊಂಬತ್ತು ಹುಡುಗರ ಫೀಸು ಮಾಫಿ ಈ ವರ್ಷದ ಮಟ್ಟಿಗೆ ಮುಂದುವರಿಯುತ್ತದೆ. ಆ ಮೇಲೆ? ಕಾಗದ ಮಾತಾಡುವುದಿಲ್ಲ. ಬಣ್ಣ ಬಳಿಸಿದವರು ಯಾರೆಂಬ ಬಗ್ಗೆಯೂ ಒಂದಕ್ಷರವಿಲ್ಲ. ನೆಲಮಾಳಿಗೆಯ ಕೆಲಸದ 'ಮರುಪರಿಶೀಲನೆ' ಜೂನ್‌ನಲ್ಲಿ ಆಗಲಿದೆ ಎಂಬ ಸಾಲು ಮಾತ್ರ ಕೊನೆಯಲ್ಲಿ ಕೂತಿದೆ. ಇಂಥ ಸಾಲುಗಳನ್ನು ಯಾರನ್ನು ಕಳಿಸಲು ಬರೆಯುತ್ತಾರೆಂದು ನಮ್ಮೂರಿನ ಗಿರಣಿಗಳಲ್ಲಿ ಕೆಲಸ ಮಾಡಿದವರಿಗೆ ಹೇಳಬೇಕಿಲ್ಲ.

ಆಡುವ ಜಾಗ ಕಳೆದುಕೊಂಡ ಹತ್ತೊಂಬತ್ತು ಹುಡುಗರಲ್ಲಿ ಹದಿನಾರು ಮಂದಿ ನೀಲಮ್ಮನೊಂದಿಗೆ ಮಾತು ಬಿಟ್ಟಿದ್ದಾರೆ. ಒಬ್ಬ ಅವರ ಕಾರಿನ ಗಾಜಿನ ಮೇಲೆ ಹಿಟ್ಟಿನ ಉಂಡೆ ಅಂಟಿಸಿ ಹೋಗಿದ್ದಾನೆ. "ಇರಲಿ ಬಿಡ್ರಿ. ಸಿಟ್ಟು ಮಾಡಾಕ ತಲಿ ನೆಟ್ಟಗಿರಬೇಕಲ್ಲ," ಎಂದು ನಗುತ್ತಾರೆ. ಮನೆಯಲ್ಲಿ ಹನ್ನೆರಡು ವರ್ಷದ ಮಗಳು ರೇಣು, "ಮಾಮ್, ಆರ್ ಯೂ ಗೆಟಿಂಗ್ ಫೈರ್ಡ್?" ಎಂದು ದಿನಾ ಕೇಳುತ್ತಾಳೆ. "ಊಟ ಮಾಡು," ಎನ್ನುವುದೇ ಉತ್ತರ. ದಾನಪ್ಪ ಮಾತ್ರ ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಹೆಂಡತಿಯ ಕಾರಿನ ಗಾಜಿನ ಮೇಲಿನ ಹಿಮವನ್ನು ಕೆರೆದು ಇಡುತ್ತಾರೆ. ಮೊದಲು ಕೆರೆಯುತ್ತಿರಲಿಲ್ಲ.

ಮರುವಾರದ ಸೋಮವಾರ, ಮತ್ತೆ ಐದೂವರೆ. ಬೆಂಚಿನ ಮೇಲೆ ನಲವತ್ತೊಂಬತ್ತು ಹೆಲ್ಮೆಟ್, ಪಕ್ಕದಲ್ಲಿ ನೀಲಮ್ಮ, ಒಂದು ತಾಸಿನ ಕಾಯುವಿಕೆ. ನಿಮಗೇನಾಗಬೇಕೆಂದು ಕೇಳಿದರೆ, ಕೆಲಸ ಉಳಿಯಲಿ ಎನ್ನುವುದಿಲ್ಲ. ಹೆಸರು ಬರಲಿ ಎನ್ನುವುದಿಲ್ಲ.

"ಜೂನದಾಗ ನನ್ನ ಕಳಿಸಿದ್ರ ಇಲ್ಲಿಗಿ ಮತ್ತೊಬ್ಬಾಕಿ ಬರ್ತಾಳ. ಆಕಿಗಿ ಒಂದು ಮಾತು ಹೇಳಿ ಹೋಗಬೇಕ್ರಿ. ಹಾಲಿಸ್ ಹೇಳಿದ್ದು ನಂಬಬ್ಯಾಡ. ಪ್ರೊಫೆಸರ್ ಹೇಳಿದ್ದು ನಂಬಬ್ಯಾಡ. ನೀಲಮ್ಮ ಹೇಳಿದ್ಲು ಅಂತನೂ ನಂಬಬ್ಯಾಡ."

ಅವರು ಎದ್ದು ಮೊದಲ ಹೆಲ್ಮೆಟ್ ಎತ್ತಿಕೊಂಡು ಗೆಣ್ಣು ಮಡಿಸುತ್ತಾರೆ.

"ನೀರ ಹಾಕಿ ನೋಡು."